ಹಳೆಯ ಮಸ್ಟಾಂಗ್‌ಗೆ ಬೇರೆ ಎಂಜಿನ್: ಫ್ಲೈವೀಲ್ ಮತ್ತು ಕ್ರ್ಯಾಂಕ್‌ಗೆ ಜೋಡಿ ಕೂಡಿಸುವುದು ಹೇಗೆ?

1965ರ ಫೋರ್ಡ್ ಮಸ್ಟಾಂಗ್‌ನ 289 ಘನ ಇಂಚಿನ ವಿ8 ಎಂಜಿನ್ ಸವೆದುಹೋದಾಗ ಅದರ ಜಾಗಕ್ಕೆ ಅದೇ ವಂಶದ, ಮೂವತ್ತು ವರ್ಷ ಕಿರಿಯ 5.0 ಲೀಟರ್ ಎಂಜಿನ್ ಕೂರಿಸುವುದು ಅಮೆರಿಕದ ಗ್ಯಾರೇಜುಗಳಲ್ಲಿ ಬಹಳ ಕಾಲದಿಂದ ನಡೆದುಬಂದಿರುವ ಕೆಲಸ. ಎಂಜಿನ್ ಮೌಂಟ್ ಕೂರುತ್ತದೆ, ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಚಿಪ್ಪಾದ ಆರು ಬೋಲ್ಟಿನ ಬೆಲ್ ಹೌಸಿಂಗ್ ಕೂರುತ್ತದೆ, ಹಳೆಯ ಫ್ಲೈವೀಲ್ (ಎಂಜಿನ್‌ನ ಹಿಂದೆ ಸುತ್ತುವ ಭಾರದ ಚಕ್ರ) ಕೂಡ ಹೊಸ ಕ್ರ್ಯಾಂಕ್‌ಶಾಫ್ಟ್‌ನ (ಪಿಸ್ಟನ್‌ಗಳ ಓಟವನ್ನು ಸುತ್ತಾಗಿಸುವ ಶಾಫ್ಟ್) ಹಿಂಬದಿಗೆ ಯಾವ ತಕರಾರೂ ಇಲ್ಲದೆ ಕೂರುತ್ತದೆ. ತೊಂದರೆ ಇರುವುದು ಅಲ್ಲಿಯೇ. ಬೋಲ್ಟ್ ರಂಧ್ರಗಳು ಹೊಂದಿದ ಮಾತ್ರಕ್ಕೆ ಬ್ಯಾಲೆನ್ಸ್ ಹೊಂದಿತು ಎಂದಲ್ಲ. 289ರ ಫ್ಲೈವೀಲನ್ನು 5.0ರ ಕ್ರ್ಯಾಂಕ್‌ಗೆ ಬಿಗಿದರೆ ಎಂಜಿನ್ ಚಾಲೂ ಆಗುತ್ತದೆ, ಕಾರು ಓಡುತ್ತದೆ, ಮತ್ತು ಓಡಿದಷ್ಟು ದಿನವೂ ತನ್ನ ಬೇರಿಂಗುಗಳನ್ನು ತಾನೇ ಬಡಿದುಕೊಳ್ಳುತ್ತದೆ.

ಈ ಬದಲಾವಣೆಗೆ ಕೈಹಾಕುವವರ ಮುಂದೆ ನಾಲ್ಕೈದು ದಾರಿಗಳಿವೆ. ಯಾವುದು ಯಾರಿಗೆ ಸರಿ ಎಂಬುದನ್ನು ಇಲ್ಲಿ ಹೋಲಿಸಿದ್ದೇನೆ. ಎಲ್ಲಕ್ಕೂ ಮೊದಲು ಒಂದು ಮಾತು ಸ್ಪಷ್ಟವಾಗಿರಲಿ: ಫ್ಲೈವೀಲ್‌ನಲ್ಲಿರುವ ಎದುರು ಭಾರ, ಅಂದರೆ ಕಂಪನ ತಡೆಯಲು ಒಂದು ಬದಿಗೆ ಇಟ್ಟ ಹೆಚ್ಚುವರಿ ತೂಕ, ಕಾರಿಗೆ ಸೇರಿದ್ದಲ್ಲ, ಗೇರ್‌ಬಾಕ್ಸ್‌ಗೆ ಸೇರಿದ್ದೂ ಅಲ್ಲ, ಅದು ಕ್ರ್ಯಾಂಕ್‌ಗೆ ಸೇರಿದ್ದು. ಫ್ಲೈವೀಲ್ ಅಂಚಿನ ಹಲ್ಲುಗಳ ಎಣಿಕೆ, ಕ್ಲಚ್ಚಿನ ಅಳತೆ, ಸ್ಟಾರ್ಟರ್ ಮೋಟರ್ ಎಲ್ಲವನ್ನೂ ಗೇರ್‌ಬಾಕ್ಸ್ ಮತ್ತು ಬೆಲ್ ಹೌಸಿಂಗ್ ನಿರ್ಧರಿಸುತ್ತವೆ. ಎದುರು ಭಾರವನ್ನು ಮಾತ್ರ ಕ್ರ್ಯಾಂಕ್ ಒಂದೇ ನಿರ್ಧರಿಸುತ್ತದೆ. ಈ ಎರಡು ಲೆಕ್ಕಗಳನ್ನು ಬೆರೆಸಿದವರೇ ಹೆಚ್ಚಾಗಿ ತಪ್ಪು ಫ್ಲೈವೀಲ್ ಕೊಳ್ಳುವುದು.

28 ಮತ್ತು 50: ಈ ಅಂಕಿಗಳು ಏನು ಹೇಳುತ್ತವೆ

ಸಾಮಾನ್ಯವಾದ 90 ಡಿಗ್ರಿಯ ವಿ8 ಎಂಜಿನ್‌ನಲ್ಲಿ ಕ್ರ್ಯಾಂಕ್‌ನ ನಾಲ್ಕು ಪಿನ್‌ಗಳು ಪರಸ್ಪರ 90 ಡಿಗ್ರಿ ಕೋನದಲ್ಲಿ ನಾಲ್ಕು ದಿಕ್ಕಿಗೆ ಚಾಚಿರುತ್ತವೆ. ಮೊದಲನೆಯ ಪಿನ್ ಮೇಲಿದ್ದಾಗ ಕೊನೆಯದು ಕೆಳಗಿರುತ್ತದೆ. ಮೇಲೆ ಕೆಳಗೆ ಎಳೆಯುವ ಬಲಗಳು ಪರಸ್ಪರ ವಜಾ ಆದರೂ, ಒಂದು ಮುಂದಿನ ತುದಿಯಲ್ಲಿ ಇನ್ನೊಂದು ಹಿಂದಿನ ತುದಿಯಲ್ಲಿ ಇರುವುದರಿಂದ ಇಡೀ ಶಾಫ್ಟ್ ತೊನೆದಾಡಲು ನೋಡುತ್ತದೆ. ಇದನ್ನು ತಡೆಯಲು ಕ್ರ್ಯಾಂಕ್‌ನ ಮೈಯಲ್ಲಿಯೇ ಎದುರು ಭಾರಗಳನ್ನು ಎರಕ ಹೊಯ್ದಿರುತ್ತಾರೆ. ಅಷ್ಟರಿಂದಲೇ ಕೆಲಸ ಪೂರ್ತಿಯಾದರೆ ಅದು ಒಳ ಬ್ಯಾಲೆನ್ಸ್. ಅಂಥ ಎಂಜಿನ್‌ಗೆ ಯಾವ ಕಡೆಗೂ ವಾಲದ, ತಟಸ್ಥ ಫ್ಲೈವೀಲ್ ಬೇಕು. ಅಷ್ಟು ಭಾರಕ್ಕೆ ಕ್ರ್ಯಾಂಕ್ ಕೋಣೆಯಲ್ಲಿ ಜಾಗ ಇಲ್ಲದಿದ್ದರೆ, ಅಥವಾ ಕ್ರ್ಯಾಂಕ್ ಹಗುರವಾಗಿರಲಿ ಎಂದು ತಯಾರಕರು ಬಯಸಿದರೆ, ಕೊರತೆ ಬಿದ್ದ ಭಾರವನ್ನು ಶಾಫ್ಟ್‌ನ ಎರಡು ತುದಿಗಳಿಗೆ ಹಂಚುತ್ತಾರೆ. ಹಿಂದೆ ಫ್ಲೈವೀಲ್‌ಗೆ ಒಂದು ಪಾಲು, ಮುಂದೆ ಡ್ಯಾಂಪರ್‌ಗೆ (ಕಂಪನ ಹೀರುವ ಚಕ್ರ) ಒಂದು ಪಾಲು. ತುದಿಗಳ ನಡುವಿನ ಅಂತರ ಹೆಚ್ಚಿರುವುದರಿಂದ ಕಡಿಮೆ ಭಾರದಲ್ಲಿ ಹೆಚ್ಚು ಕೆಲಸ ಆಗುತ್ತದೆ. ಇದು ಹೊರ ಬ್ಯಾಲೆನ್ಸ್.

ಫೋರ್ಡಿನ ವಿಂಡ್ಸರ್ ಕುಟುಂಬದ 289, 302, 351 ಎಂಜಿನ್‌ಗಳೆಲ್ಲ ಹೊರ ಬ್ಯಾಲೆನ್ಸಿನವು. ಆರಂಭದಿಂದ ಅವುಗಳ ಅಳತೆ 28 ಔನ್ಸ್-ಇಂಚು, ಕರಾರುವಾಕ್ಕಾಗಿ ಹೇಳುವುದಾದರೆ 28.2. 1980ರ ದಶಕದ ಆರಂಭದಲ್ಲಿ 302ರ ಕ್ರ್ಯಾಂಕನ್ನು ಹಗುರಗೊಳಿಸಿ ಅಳತೆಯನ್ನು 50ಕ್ಕೆ ಏರಿಸಿದರು. 5.0 ಎಂದು ಹೆಸರಾದದ್ದು ಇದೇ 302. ಅದರ ಅಣ್ಣನಂತಿದ್ದ 351 ವಿಂಡ್ಸರ್ ಮಾತ್ರ ಕೊನೆಯವರೆಗೂ 28ರಲ್ಲೇ ಉಳಿಯಿತು. ಹಾಗಾಗಿ 1965ರ ಕಾರಿಗೆ 1995ರ 351 ಹಾಕುವವರಿಗೆ ಈ ವಿಷಯದಲ್ಲಿ ಚಿಂತೆಯಿಲ್ಲ, 1995ರ 5.0 ಹಾಕುವವರಿಗೆ ಇದೆ.

28 ಅಥವಾ 50 ಎಂಬುದು ಫ್ಲೈವೀಲ್‌ನ ತೂಕವಲ್ಲ. ತೂಕವನ್ನು ಕೇಂದ್ರದಿಂದ ಅದಕ್ಕಿರುವ ದೂರದಿಂದ ಗುಣಿಸಿದರೆ ಬರುವ ಲೆಕ್ಕ. ನಮಗೆ ಅಭ್ಯಾಸವಿರುವ ಅಳತೆಗೆ ತಂದರೆ 28.2 ಔನ್ಸ್-ಇಂಚು ಸುಮಾರು 2030 ಗ್ರಾಂ-ಸೆಂಟಿಮೀಟರ್. 50 ಔನ್ಸ್-ಇಂಚು ಸುಮಾರು 3600. ಅಂದರೆ 50ರ ಕ್ರ್ಯಾಂಕ್‌ಗೆ 28ರ ಫ್ಲೈವೀಲ್ ಹಾಕಿದರೆ 1570ರಷ್ಟು ಕೊರತೆ. ಕೇಂದ್ರದಿಂದ 15 ಸೆಂಟಿಮೀಟರ್ ದೂರದಲ್ಲಿ ನೂರು ಗ್ರಾಂಗೆ ತುಸು ಹೆಚ್ಚು ಕಬ್ಬಿಣ ಇಲ್ಲದಂತೆ. ಕೇಳಲು ಸಣ್ಣದು. ಆದರೆ ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಆ ಕೊರತೆ ಶಾಫ್ಟ್‌ನ ಹಿಂದಿನ ತುದಿಯನ್ನು ಸುಮಾರು 1550 ನ್ಯೂಟನ್ ಬಲದಿಂದ ಎಳೆಯುತ್ತದೆ. ಒಂದೂವರೆ ಕ್ವಿಂಟಲ್‌ಗೂ ಮೀರಿದ ಭಾರ, ಸೆಕೆಂಡಿಗೆ ಐವತ್ತು ಬಾರಿ ಸುತ್ತುತ್ತಾ ಹಿಂದಿನ ಮುಖ್ಯ ಬೇರಿಂಗ್ ಮೇಲೆ ಬೀಳುತ್ತದೆ. ವೇಗ ದುಪ್ಪಟ್ಟಾದರೆ ಬಲ ನಾಲ್ಕು ಪಟ್ಟು. 6000 ಸುತ್ತಿಗೆ ಅದು ಆರು ಕ್ವಿಂಟಲ್ ದಾಟುತ್ತದೆ. ಡ್ಯಾಂಪರ್ ಕೂಡ ತಪ್ಪಾಗಿದ್ದರೆ ಇಷ್ಟೇ ಹೊಡೆತ ಮುಂದಿನ ತುದಿಯಲ್ಲೂ ಇರುತ್ತದೆ. ಹಿಂದಿನ ಆಯಿಲ್ ಸೀಲ್ ಪದೇ ಪದೇ ಸೋರುವುದು, ಬೋಲ್ಟುಗಳು ತಾವಾಗಿ ಸಡಿಲವಾಗುವುದು, ಆಟೊಮ್ಯಾಟಿಕ್ ಗೇರಿನ ಕಾರಾದರೆ ಫ್ಲೈವೀಲ್ ಬದಲಿಗಿರುವ ತೆಳು ತಟ್ಟೆ, ಫ್ಲೆಕ್ಸ್‌ಪ್ಲೇಟ್, ಬಿರುಕು ಬಿಡುವುದು, ಇವೆಲ್ಲ ಅದರ ಫಲ.

ಇಲ್ಲಿ ಇನ್ನೊಂದು ಗೊಂದಲವನ್ನೂ ಬಗೆಹರಿಸಿಬಿಡುತ್ತೇನೆ. 289ರ ಫೈರಿಂಗ್ ಕ್ರಮ (ಸಿಲಿಂಡರ್‌ಗಳಲ್ಲಿ ಇಂಧನ ಹೊತ್ತುವ ಸರದಿ) 1-5-4-2-6-3-7-8, 5.0 ಎಚ್‌ಒ (ಹೈ ಔಟ್‌ಪುಟ್) ಮತ್ತು 351ರದು 1-3-7-2-6-5-4-8. ಇದರಿಂದ ಬ್ಯಾಲೆನ್ಸ್ ಬದಲಾಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಆಗುವುದಿಲ್ಲ. ಫೈರಿಂಗ್ ಕ್ರಮ ಕ್ಯಾಮ್‌ಶಾಫ್ಟ್‌ನ ವಿಷಯ. ಕ್ರ್ಯಾಂಕ್ ಪಿನ್‌ಗಳ ಜೋಡಣೆ ಎರಡರಲ್ಲೂ ಒಂದೇ.

ನಿಮ್ಮ ಕೈಯಲ್ಲಿರುವುದು ಯಾವುದು?

ಆಯ್ಕೆಗೆ ಹೋಗುವ ಮುನ್ನ ಕ್ರ್ಯಾಂಕ್ ಯಾವ ಅಳತೆಯದು ಎಂದು ಖಚಿತವಾಗಬೇಕು. ಎಂಜಿನ್‌ನ ವರ್ಷ ನೋಡಿ ತೀರ್ಮಾನಿಸುವುದು ಅಪಾಯ. ಮೂವತ್ತು ವರ್ಷಗಳಲ್ಲಿ ಯಾರೋ ಅದನ್ನು ಬಿಚ್ಚಿ ಬೇರೆ ಕ್ರ್ಯಾಂಕ್ ಹಾಕಿರಬಹುದು. ಅದರಲ್ಲೂ 302ರ ಬ್ಲಾಕನ್ನು 347 ಘನ ಇಂಚಿಗೆ ಹಿಗ್ಗಿಸುವ ಕಿಟ್‌ಗಳಲ್ಲಿ ಬರುವ ಅನೇಕ ಕ್ರ್ಯಾಂಕ್‌ಗಳು 28ರವು. ಬ್ಲಾಕ್ 1990ರದಾಗಿದ್ದರೂ ಒಳಗಿರುವ ಕ್ರ್ಯಾಂಕ್ ಹಳೆಯ ಲೆಕ್ಕದ್ದಾಗಿರುತ್ತದೆ. ಕೆಳಗಿನ ಎಣ್ಣೆ ತೊಟ್ಟಿ (ಸಂಪ್) ಬಿಚ್ಚಿದ್ದರೆ ಕ್ರ್ಯಾಂಕ್‌ನ ಮೈಮೇಲಿನ ಎರಕದ ಗುರುತು ನೋಡಿ: 289ಕ್ಕೆ 1ಎಂ, ಹಳೆಯ 302ಕ್ಕೆ 2ಎಂ, 50ರ ಕ್ರ್ಯಾಂಕ್‌ಗೆ 2ಎಂಎಇ. ಇದು ಒಳ್ಳೆಯ ಸುಳಿವು, ಕೊನೆಯ ತೀರ್ಪಲ್ಲ.

ನಂಬಬಹುದಾದ ಸಾಕ್ಷಿ ಎಂದರೆ ಆ ಎಂಜಿನ್ ಜೊತೆಗೇ ಬಂದ ಫ್ಲೈವೀಲ್ ಅಥವಾ ಫ್ಲೆಕ್ಸ್‌ಪ್ಲೇಟ್. ಎಂಜಿನ್ ಕಂಪನವಿಲ್ಲದೆ ಓಡುತ್ತಿತ್ತು ಎಂದು ಗೊತ್ತಿದ್ದರೆ ಅದರ ಹಿಂದೆ ಇದ್ದದ್ದು ಸರಿಯಾದದ್ದೇ ಎಂದರ್ಥ. ಆದ್ದರಿಂದ ಆಟೊಮ್ಯಾಟಿಕ್ ಎಂಜಿನ್ ತಂದು ಮ್ಯಾನ್ಯುಯಲ್ ಗೇರ್‌ಬಾಕ್ಸ್ ಜೋಡಿಸುವವರು ಫ್ಲೆಕ್ಸ್‌ಪ್ಲೇಟನ್ನು ಗುಜರಿಗೆ ಎಸೆಯಬೇಡಿ. ಅದನ್ನು ಅಳೆಯಿರಿ.

ಅಳೆಯಲು ಯಂತ್ರ ಬೇಕಿಲ್ಲ. ಮಧ್ಯದ ರಂಧ್ರಕ್ಕೆ ಸರಿಯಾಗಿ ಕೂರುವ ಬುಷ್ ಹಾಕಿ, ಅದರೊಳಗೆ ನೇರವಾದ, ನುಣುಪಾದ ಕಬ್ಬಿಣದ ಸರಳನ್ನು ತೂರಿಸಿ. ಎರಡು ಆ್ಯಂಗಲ್ ಪಟ್ಟಿಗಳನ್ನು ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟಸವಾಗಿ ನಿಲ್ಲಿಸಿ, ಸರಳು ಅವುಗಳ ಅಂಚಿನ ಮೇಲೆ ಉರುಳುವಂತೆ ಇಡಿ. ಫ್ಲೈವೀಲ್ ತಾನಾಗಿ ತಿರುಗಿ ಭಾರದ ಬದಿಯನ್ನು ಕೆಳಗೆ ತರುತ್ತದೆ. ನಾಲ್ಕೈದು ಸಲ ತಿರುಗಿಸಿ ಬಿಡಿ. ಪ್ರತಿ ಸಲವೂ ಅದೇ ಬದಿ ಕೆಳಗೆ ಬಂದರೆ ಅದಕ್ಕೆ ನೇರ ಎದುರಾಗಿ, ಮೇಲಿನ ಬದಿಯಲ್ಲಿ, ಕೇಂದ್ರದಿಂದ 15 ಸೆಂಟಿಮೀಟರ್ ದೂರದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಅಲ್ಲಿ ಆಯಸ್ಕಾಂತದ ತುಂಡುಗಳನ್ನು ಒಂದೊಂದಾಗಿ ಅಂಟಿಸುತ್ತಾ ಹೋಗಿ. ಫ್ಲೈವೀಲನ್ನು ಯಾವ ಕೋನದಲ್ಲಿ ನಿಲ್ಲಿಸಿದರೂ ಅದು ಅಲ್ಲೇ ನಿಲ್ಲುವ ಹಂತ ಬಂದಾಗ ಆಯಸ್ಕಾಂತಗಳನ್ನು ತೆಗೆದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. 135 ಗ್ರಾಂ ಆಸುಪಾಸು ಬಂದರೆ ಅದು 28ರ ಫ್ಲೈವೀಲ್. 240 ಗ್ರಾಂ ಆಸುಪಾಸು ಬಂದರೆ 50ರದು. ಆಯಸ್ಕಾಂತವೇ ಬೇಕಾಗದಿದ್ದರೆ ತಟಸ್ಥ. ನಡುವಿನ ಯಾವುದೋ ಅಂಕಿ ಬಂದರೆ ಹಿಂದೆ ಯಾರೋ ಅದನ್ನು ಕೊರೆದಿದ್ದಾರೆ ಎಂದು ತಿಳಿದು, ಬ್ಯಾಲೆನ್ಸಿಂಗ್ ಅಂಗಡಿಗೆ ಒಯ್ಯುವುದು ಕ್ಷೇಮ.

ಈ ವಿಧಾನ ಒಂದೆರಡು ಗ್ರಾಂನ ದೋಷವನ್ನು ಹಿಡಿಯುವುದಿಲ್ಲ; ಅದಕ್ಕೆ ತಿರುಗಿಸಿ ಅಳೆಯುವ ಯಂತ್ರವೇ ಬೇಕು. ಆದರೆ 28 ಯಾವುದು, 50 ಯಾವುದು ಎಂಬ ಪ್ರಶ್ನೆಗೆ ಇದರಷ್ಟು ಸ್ಪಷ್ಟ ಉತ್ತರ ಇನ್ನೊಂದಿಲ್ಲ. ಹಳೆಯ ಸಾಮಾನು ಮಾರುವವರು ಡಬ್ಬಿಯ ಮೇಲೆ ಬರೆದ ಅಂಕಿಯನ್ನು ನಾನು ನಂಬುವುದಿಲ್ಲ. ಬರಿಗಣ್ಣಿನಿಂದ ನೋಡಿ, ಭಾರದ ತುಂಡು ದೊಡ್ಡದಿದೆ, ಇದು 50ರದೇ ಎಂದು ಹೇಳುವವರನ್ನೂ ನಂಬುವುದಿಲ್ಲ.

ದಾರಿಗಳು

ಮೊದಲನೆಯ ದಾರಿ, ಎಂಜಿನ್ ಕೊಟ್ಟ ಕಾರಿನಿಂದಲೇ ಫ್ಲೈವೀಲ್ ಮತ್ತು ಡ್ಯಾಂಪರ್ ಎರಡನ್ನೂ ತರುವುದು. 1979ರಿಂದ 1993ರವರೆಗಿನ ಫಾಕ್ಸ್ ಮಾದರಿಯ ಮಸ್ಟಾಂಗ್‌ನ ಮ್ಯಾನ್ಯುಯಲ್ 5.0 ನಿಮ್ಮ ಮೂಲವಾಗಿದ್ದರೆ ಇದಕ್ಕಿಂತ ಸುಲಭ ಬೇರೆ ಇಲ್ಲ. ಅದರ ಫ್ಲೈವೀಲ್ 157 ಹಲ್ಲಿನದು. 1965ರ 289ರ ಮ್ಯಾನ್ಯುಯಲ್ ಬೆಲ್ ಹೌಸಿಂಗ್ ಕೂಡ ಸಾಮಾನ್ಯವಾಗಿ 157 ಹಲ್ಲಿನ ಫ್ಲೈವೀಲ್‌ಗೆ ತಕ್ಕದ್ದು. 1983ರಿಂದ ಬಂದ ಐದು ಗೇರಿನ ಟಿ-5 ಗೇರ್‌ಬಾಕ್ಸನ್ನೂ ಜೊತೆಗೇ ತಂದರೆ ಇಡೀ ಸಾಲು ಒಂದೇ ಕೈಯಿಂದ ಬಂದಂತಾಗುತ್ತದೆ. ಹಳೆಯ ಫ್ಲೈವೀಲ್‌ನ ಮುಖದಲ್ಲಿ ಬಿಸಿಯಿಂದಾದ ನೀಲಿ ಕಲೆ ಮತ್ತು ಕೂದಲೆಳೆಯ ಬಿರುಕುಗಳನ್ನು ನೋಡಿ, ಮುಖವನ್ನು ಸಮತಟ್ಟಾಗಿ ಗ್ರೈಂಡ್ ಮಾಡಿಸಿದರೆ ಸಾಕು. ಹಾಗೆ ಗ್ರೈಂಡ್ ಮಾಡುವಾಗ ಕಬ್ಬಿಣ ಸುತ್ತಲೂ ಸಮನಾಗಿ ಹೋಗುವುದರಿಂದ ಎದುರು ಭಾರದ ಲೆಕ್ಕ ಕೆಡುವುದಿಲ್ಲ.

ಎಲ್ಲರಿಗೂ ಆ ಅನುಕೂಲ ಇರುವುದಿಲ್ಲ. ಈಗ ಹೆಚ್ಚಾಗಿ ಸಿಗುವ 5.0 ಎಂದರೆ 1996ರಿಂದ 2001ರವರೆಗಿನ ಫೋರ್ಡ್ ಎಕ್ಸ್‌ಪ್ಲೋರರ್‌ನದು. ಒಳ್ಳೆಯ ಸಿಲಿಂಡರ್ ಹೆಡ್ ಇರುವುದರಿಂದ ಅದಕ್ಕೆ ಬೇಡಿಕೆಯೂ ಹೆಚ್ಚು. ಆ ವಿ8 ಬಂದದ್ದು ಆಟೊಮ್ಯಾಟಿಕ್ ಗೇರಿನೊಂದಿಗೆ ಮಾತ್ರ. ಅದರ ಹಿಂದೆ ಫ್ಲೈವೀಲ್ ಇರಲೇ ಇಲ್ಲ. ಮ್ಯಾನ್ಯುಯಲ್ ಮಸ್ಟಾಂಗ್ ಇರುವವರು ಸಹಜವಾಗಿ ತಮ್ಮ ಹಳೆಯ 289ರ ಫ್ಲೈವೀಲ್ ಕಡೆಗೆ ಕೈಚಾಚುವುದು ಈ ಹಂತದಲ್ಲೇ. ಅವರಿಗೆ ನಾನು ಹೇಳುವುದು ಎರಡನೆಯ ದಾರಿ: 50ರ ಅಳತೆಯ, 157 ಹಲ್ಲಿನ ಹೊಸ ಫ್ಲೈವೀಲ್ ಕೊಳ್ಳಿ. ಇದು ಅಪರೂಪದ ಸರಕಲ್ಲ. ಫಾಕ್ಸ್ ಮಸ್ಟಾಂಗ್‌ಗಾಗಿ ಈಗಲೂ ತಯಾರಾಗುತ್ತಿದೆ. ಪೇಟೆ, ಹೆದ್ದಾರಿಯಲ್ಲಿ ಓಡಿಸುವ ಕಾರಿಗೆ ಎರಕದ ಕಬ್ಬಿಣದ್ದು ಸಾಕು. ರೇಸಿಗೆ ಇಳಿಸುವುದಾದರೆ, ಅಥವಾ 6000 ಸುತ್ತು ದಾಟಿಸುವುದಾದರೆ ಉಕ್ಕಿನ ಗಟ್ಟಿಯಿಂದ ಕಡೆದ, ಎಸ್‌ಎಫ್‌ಐ 1.1 (ರೇಸ್ ಸಾಮಾನುಗಳ ಸುರಕ್ಷತಾ ಮಾನದಂಡ) ಪ್ರಮಾಣಪತ್ರವಿರುವ ಫ್ಲೈವೀಲನ್ನೇ ಕೊಳ್ಳಬೇಕು. ವೇಗದಲ್ಲಿ ಸಿಡಿದ ಎರಕದ ಫ್ಲೈವೀಲ್ ಬೆಲ್ ಹೌಸಿಂಗನ್ನು ಸೀಳಿಕೊಂಡು ಚಾಲಕನ ಕಾಲಿನತ್ತ ಬರುತ್ತದೆ. ಇಲ್ಲಿ ಉಳಿತಾಯದ ಮಾತೇ ಬೇಡ.

ಹಲ್ಲುಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ವಿಂಡ್ಸರ್ ಕುಟುಂಬದಲ್ಲಿ 164 ಹಲ್ಲಿನ ದೊಡ್ಡ ಫ್ಲೈವೀಲ್ ಕೂಡ ಇದೆ. ಅದು 157ರ ಬೆಲ್ ಹೌಸಿಂಗ್‌ನೊಳಗೆ ಹಿಡಿಸುವುದಿಲ್ಲ. 164ರ ಹೌಸಿಂಗ್‌ನಲ್ಲಿ 157 ಹಾಕಿದರೆ ಸ್ಟಾರ್ಟರ್‌ನ ಹಲ್ಲು ತಾಕುವುದಿಲ್ಲ. ನಿಮ್ಮ ಮಸ್ಟಾಂಗ್ 1964ರ ಆಗಸ್ಟ್‌ಗೂ ಮುಂಚಿನದಾಗಿದ್ದರೆ ಬೆಲ್ ಹೌಸಿಂಗ್ ಐದು ಬೋಲ್ಟಿನದು, 5.0ರ ಆರು ಬೋಲ್ಟಿನ ಬ್ಲಾಕ್‌ಗೆ ಅದು ಕೂರುವುದೇ ಇಲ್ಲ. ಅಂಥವರು ಮೊದಲು ಹೌಸಿಂಗ್ ಹುಡುಕಿ, ಆಮೇಲೆ ಫ್ಲೈವೀಲ್ ನೋಡಬೇಕು.

ಇದೇ ದಾರಿಯ ಒಂದು ಕವಲೆಂದರೆ ಬಿಚ್ಚಿ ಬದಲಿಸಬಹುದಾದ ಭಾರವಿರುವ ಫ್ಲೈವೀಲ್. ತಟಸ್ಥ ಚಕ್ರಕ್ಕೆ 28ರ ಅಥವಾ 50ರ ತುಂಡನ್ನು ಬೋಲ್ಟಿನಿಂದ ಬಿಗಿಯುವ ವ್ಯವಸ್ಥೆ. ಬೆಲೆ ಹೆಚ್ಚು. ಆದರೆ ಈಗ ಎಕ್ಸ್‌ಪ್ಲೋರರ್ ಎಂಜಿನ್ ಹಾಕಿ, ಕೆಲವು ವರ್ಷ ಬಿಟ್ಟು 28ರ ಕ್ರ್ಯಾಂಕ್ ಇರುವ 347 ಕಟ್ಟಿಸುವ ಯೋಜನೆ ಇರುವವರಿಗೆ ಹಣ ವ್ಯರ್ಥವಾಗುವುದಿಲ್ಲ. ಆ ತುಂಡಿನ ಬೋಲ್ಟುಗಳನ್ನು ತಯಾರಕರು ಹೇಳಿದ ಬಿಗಿತಕ್ಕೇ, ಬೋಲ್ಟ್ ಸಡಿಲವಾಗದಂತೆ ತಡೆಯುವ ದ್ರವ ಹಚ್ಚಿಯೇ ಬಿಗಿಯಬೇಕು.

ಮೂರನೆಯ ದಾರಿ ಹಳೆಯ ಫ್ಲೈವೀಲನ್ನೇ ಮಾರ್ಪಡಿಸುವುದು. ಇದಕ್ಕೆ ಒಲವು ತೋರುವವರು ಬಹಳ ಮಂದಿ, ಏಕೆಂದರೆ ಹೊಸದನ್ನು ಕೊಳ್ಳಬೇಕಾಗಿಲ್ಲ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. 28ರದನ್ನು 50 ಮಾಡಲು ಹಗುರ ಬದಿಯಿಂದ, 15 ಸೆಂಟಿಮೀಟರ್ ದೂರದಲ್ಲಿ, ಸುಮಾರು 105 ಗ್ರಾಂ ಕಬ್ಬಿಣ ತೆಗೆಯಬೇಕು. 12 ಮಿಲಿಮೀಟರ್ ಅಗಲ, 15 ಮಿಲಿಮೀಟರ್ ಆಳದ ಒಂದು ರಂಧ್ರದಿಂದ ಹೋಗುವುದು 12 ಗ್ರಾಂ ಮಾತ್ರ. ಒಂಬತ್ತು ರಂಧ್ರ ಬೇಕಾಯಿತು. ಒಂಬತ್ತನ್ನೂ ಒಂದೇ ಬಿಂದುವಿನಲ್ಲಿ ಕೊರೆಯಲಾಗದು; ಅಂಚಿನುದ್ದಕ್ಕೆ ಹರಡಬೇಕು. ಹರಡಿದಷ್ಟೂ ಪರಿಣಾಮ ಕುಗ್ಗುವುದರಿಂದ ಇನ್ನೂ ಒಂದೆರಡು ಹೆಚ್ಚೇ ಬೇಕು. ಅರವತ್ತು ವರ್ಷ ಕಾದು ತಣಿದ ಎರಕದ ಕಬ್ಬಿಣದ ಒಂದೇ ಬದಿಯಲ್ಲಿ ಇಷ್ಟೊಂದು ತೂತು ಕೊರೆಸುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಇದರ ವಿರುದ್ಧ ದಿಕ್ಕಿನ ಕೆಲಸ, ಅಂದರೆ 50ರದನ್ನು 28ಕ್ಕೆ ಅಥವಾ ತಟಸ್ಥಕ್ಕೆ ಇಳಿಸುವುದು, ಸಲೀಸು. ಎದುರು ಭಾರಕ್ಕೆಂದೇ ಇಟ್ಟ ಹೆಚ್ಚುವರಿ ದಪ್ಪದಿಂದ ಕಬ್ಬಿಣ ತೆಗೆದರೆ ಚಕ್ರದ ಗಟ್ಟಿತನಕ್ಕೆ ಹಾನಿಯಿಲ್ಲ.

ಬೇರೆ ಫ್ಲೈವೀಲ್ ಸಿಗುವುದೇ ಇಲ್ಲ ಎನ್ನುವಂಥ ಅಪರೂಪದ ಎಂಜಿನ್‌ಗಳಿಗೆ ಈ ಮೂರನೆಯ ದಾರಿ ಬೇಕಾಗುತ್ತದೆ. ಆಗ ಮೂಲ ಫ್ಲೈವೀಲನ್ನೂ ಹೊಸದನ್ನೂ ಒಟ್ಟಿಗೆ ಅಂಗಡಿಗೆ ಕೊಡಬೇಕು. ಅವರು ಮೂಲವನ್ನು ಯಂತ್ರದಲ್ಲಿ ತಿರುಗಿಸಿ ಎಷ್ಟು ಭಾರ ಮತ್ತು ಯಾವ ಕೋನದಲ್ಲಿ ಎಂದು ಗುರುತಿಸಿ, ಹೊಸದನ್ನು ಅದರ ಪಡಿಯಚ್ಚಾಗಿ ತರುತ್ತಾರೆ. ಕೋನದ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಅಳತೆ ಸರಿಯಿದ್ದು ಭಾರ 20 ಡಿಗ್ರಿ ಆಚೆ ಕೂತರೂ ಕಂಪನ ಹೋಗುವುದಿಲ್ಲ. ಫೋರ್ಡ್ ವಿಂಡ್ಸರ್‌ನಲ್ಲಿ ಆರು ರಂಧ್ರಗಳ ಪೈಕಿ ಒಂದನ್ನು ತುಸು ಪಕ್ಕಕ್ಕೆ ಸರಿಸಿರುವುದರಿಂದ ಫ್ಲೈವೀಲ್ ಒಂದೇ ರೀತಿಯಲ್ಲಿ ಕೂರುತ್ತದೆ. ಆ ಅನುಕೂಲ ಇಲ್ಲದ ಎಂಜಿನ್‌ಗಳಲ್ಲಿ ಬಿಚ್ಚುವ ಮುನ್ನ ಕ್ರ್ಯಾಂಕ್‌ಗೂ ಫ್ಲೈವೀಲ್‌ಗೂ ಪಂಚ್‌ನಿಂದ ಗುರುತು ಹೊಡೆದಿಡಿ.

ನಾಲ್ಕನೆಯದು ಒಳ ಬ್ಯಾಲೆನ್ಸ್ ಮಾಡಿಸಿ ಮುಂದೆ ಹಿಂದೆ ಎರಡೂ ಕಡೆ ತಟಸ್ಥ ಭಾಗಗಳನ್ನು ಹಾಕುವುದು. ತಾಂತ್ರಿಕವಾಗಿ ಇದೇ ಶ್ರೇಷ್ಠ. ಹೊರ ಬ್ಯಾಲೆನ್ಸಿನಲ್ಲಿ ಭಾರಗಳು ಕೊನೆಯ ಬೇರಿಂಗ್‌ಗಳಿಂದ ಆಚೆ ನೇತಾಡುವುದರಿಂದ ಹೆಚ್ಚು ವೇಗದಲ್ಲಿ ಶಾಫ್ಟ್ ಬಾಗುತ್ತದೆ. ಒಳ ಬ್ಯಾಲೆನ್ಸಿನಲ್ಲಿ ಪ್ರತಿ ಬಲವನ್ನೂ ಅದು ಹುಟ್ಟುವ ಜಾಗದ ಹತ್ತಿರದಲ್ಲೇ ತಡೆಯುತ್ತೇವೆ. ಆದರೆ 50ರ ಎರಕದ ಕ್ರ್ಯಾಂಕನ್ನು ಹೀಗೆ ಮಾಡಬೇಕಾದರೆ ಅದರ ಎದುರು ಭಾರಗಳಲ್ಲಿ ರಂಧ್ರ ಕೊರೆದು, ಉಕ್ಕಿಗಿಂತ ಎರಡು ಪಟ್ಟಿಗೂ ಹೆಚ್ಚು ಸಾಂದ್ರವಾದ ಟಂಗ್‌ಸ್ಟನ್ ಮಿಶ್ರಲೋಹದ ಬಿಲ್ಲೆಗಳನ್ನು ತುರುಕಬೇಕು. ಆ ಲೋಹ ದುಬಾರಿ, ಬೇಕಾಗುವುದೂ ಬಹಳ. ಮೂಗಿಗಿಂತ ಮೂಗುತಿ ಭಾರ ಎನ್ನುವ ಹಾಗೆ ಕ್ರ್ಯಾಂಕ್‌ನ ಬೆಲೆಗಿಂತ ಬ್ಯಾಲೆನ್ಸಿನ ಬಿಲ್ಲೇ ಮೇಲಾಗುತ್ತದೆ. ಹೇಗೂ ಹೊಸ ಫೋರ್ಜ್ಡ್ ಕ್ರ್ಯಾಂಕ್ ಕೊಳ್ಳುವವರಿದ್ದರೆ ಮಾತು ಬೇರೆ. ಆಗ ಆರಂಭದಲ್ಲೇ ಒಳ ಬ್ಯಾಲೆನ್ಸಿಗೆ ತಕ್ಕ ಕ್ರ್ಯಾಂಕ್ ಆರಿಸಿಕೊಳ್ಳಬಹುದು.

ಬಿಲ್ಲೆಗಳನ್ನು ಶಾಫ್ಟ್‌ನ ಉದ್ದಕ್ಕೆ ಸಮಾನಾಂತರವಾಗಿ ಕೂರಿಸಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಿ. ಅಂಚಿನಿಂದ ಕೇಂದ್ರದ ಕಡೆಗೆ ಕೊರೆದು ತುರುಕಿದರೆ ವೇಗ ಹೆಚ್ಚಿದಾಗ ಅವು ಹೊರಗೆ ಚಿಮ್ಮುವ ದಿಕ್ಕಿನಲ್ಲೇ ಇರುತ್ತವೆ.

ನನ್ನ ತೀರ್ಮಾನ ಹೀಗಿದೆ. ಎಂಜಿನ್ ಬಿಚ್ಚದೆ ಹಾಗೇ ಕೂರಿಸುವವರಿಗೆ 50ರ ಹೊಸ ಫ್ಲೈವೀಲ್, 50ರ ಹೊಸ ಡ್ಯಾಂಪರ್. ಎಂಜಿನ್ ಕಟ್ಟಿಸುತ್ತಿರುವವರು 28ರ ಕ್ರ್ಯಾಂಕ್ ಆರಿಸಿಕೊಂಡರೆ ಕಾರಿನ ಹಳೆಯ ಫ್ಲೈವೀಲ್ ಕೆಲಸಕ್ಕೆ ಬರುತ್ತದೆ. ಒಳ ಬ್ಯಾಲೆನ್ಸ್ ವೇಗದ ಹುಚ್ಚಿರುವವರಿಗೆ, ಅದಕ್ಕೆ ತಕ್ಕ ಖರ್ಚು ಮಾಡಬಲ್ಲವರಿಗೆ.

ಮುಂದಿನ ತುದಿಯನ್ನು ಮರೆಯಬೇಡಿ

ಫ್ಲೈವೀಲ್ ವಿಷಯದಲ್ಲಿ ಇಷ್ಟೆಲ್ಲ ಜಾಗ್ರತೆ ವಹಿಸಿದವರೂ ಡ್ಯಾಂಪರ್ ಹತ್ತಿರ ಬಂದಾಗ ಎಡವುತ್ತಾರೆ. ಕಾರಣ ಬೆಲ್ಟ್ ಪುಲ್ಲಿ. 289ರ ಡ್ಯಾಂಪರ್‌ಗೆ ಪುಲ್ಲಿ ಮೂರು ಬೋಲ್ಟಿನಿಂದ ಕೂರುತ್ತದೆ. 1970ರ ನಂತರದವುಗಳಿಗೆ ನಾಲ್ಕು. ತಮ್ಮ ಹಳೆಯ ಪುಲ್ಲಿಗಳು, ಹಳೆಯ ಆಲ್ಟರ್ನೇಟರ್, ಎಂಜಿನ್ ಕೋಣೆಯ ಹಳೆಯ ಚೆಲುವು ಹಾಗೇ ಇರಲಿ ಎಂದು ಬಯಸುವವರು 289ರ ಡ್ಯಾಂಪರನ್ನು ಬಿಚ್ಚಿ 5.0ಕ್ಕೆ ಹಾಕುತ್ತಾರೆ. ಅದೂ ಕೂರುತ್ತದೆ, ಏಕೆಂದರೆ ಶಾಫ್ಟ್‌ನ ಮೂತಿ ಒಂದೇ ಅಳತೆ. ಹಿಂದೆ 50, ಮುಂದೆ 28.

ಮೂರು ಬೋಲ್ಟಿನ ಪುಲ್ಲಿ ಹಿಡಿಸುವ, ಆದರೆ 50ರ ಅಳತೆಯಿರುವ ಡ್ಯಾಂಪರ್‌ಗಳು ಮಾರುಕಟ್ಟೆಯಲ್ಲಿವೆ. ಅವನ್ನೇ ಕೇಳಿ ತರಿಸಿ. ನಾಲ್ಕು ಬೋಲ್ಟಿನದೇ ಸಿಕ್ಕಿದರೆ ಪುಲ್ಲಿಯನ್ನೂ ಬದಲಿಸಿ, ಬೆಲ್ಟ್ ನೇರ ಸಾಲಿನಲ್ಲಿ ಓಡುವಂತೆ ನಡುವೆ ಸ್ಪೇಸರ್ ಹಾಕಬೇಕಾಗಬಹುದು. ಟೈಮಿಂಗ್ ಗುರುತಿನ ಮುಳ್ಳು ಯಾವ ಬದಿಗಿದೆ ಎಂಬುದನ್ನೂ ನೋಡಿಕೊಳ್ಳಿ. ಹಳೆಯ ಮತ್ತು ಹೊಸ ಟೈಮಿಂಗ್ ಕವರ್‌ಗಳಲ್ಲಿ ಅದು ಬೇರೆ ಬೇರೆ. ಮೊದಲನೆಯ ಪಿಸ್ಟನ್ನನ್ನು ತುತ್ತತುದಿಗೆ ತಂದು, ಡ್ಯಾಂಪರ್ ಮೇಲಿನ ಸೊನ್ನೆ ಮುಳ್ಳಿಗೆ ಎದುರಾಗುತ್ತದೆಯೇ ಎಂದು ಪರೀಕ್ಷಿಸಿದರೆ ಸಂಶಯ ಉಳಿಯುವುದಿಲ್ಲ.

ಹಳೆಯ ಡ್ಯಾಂಪರ್ ಅಳತೆಯಲ್ಲಿ ಸರಿಯಿದ್ದರೂ ಅದನ್ನು ಮತ್ತೆ ಬಳಸುವುದು ನನಗೆ ಒಪ್ಪಿಗೆಯಿಲ್ಲ. ಒಳಗಿನ ಗುಂಬಕ್ಕೂ ಹೊರಗಿನ ಉಂಗುರಕ್ಕೂ ನಡುವೆ ಇರುವ ರಬ್ಬರ್ ದಶಕಗಳಲ್ಲಿ ಗಟ್ಟಿಯಾಗಿ, ಬಿರಿದು, ಉಂಗುರ ಜಾರಿರುತ್ತದೆ. ಆಗ ಟೈಮಿಂಗ್ ಗುರುತು ಸುಳ್ಳು ಹೇಳುತ್ತದೆ, ಕಂಪನವನ್ನು ಹೀರುವ ಕೆಲಸವೂ ನಿಲ್ಲುತ್ತದೆ.

ಫೋರ್ಡ್ ಅಲ್ಲದವರಿಗೆ

ಷೆವರ್ಲೆಯ ಸ್ಮಾಲ್ ಬ್ಲಾಕ್‌ನಲ್ಲಿ 265ರಿಂದ 350ರವರೆಗಿನ ಹಳೆಯ ಎಂಜಿನ್‌ಗಳು ಒಳ ಬ್ಯಾಲೆನ್ಸಿನವು. 1970ರಿಂದ 1980ರವರೆಗಿನ 400 ಮಾತ್ರ ಎರಡೂ ತುದಿಗಳಲ್ಲಿ ಹೊರ ಬ್ಯಾಲೆನ್ಸಿನದು. 350ರ ಬ್ಲಾಕ್‌ಗೆ 400ರ ಕ್ರ್ಯಾಂಕ್ ಹಾಕಿ 383 ಕಟ್ಟುವ ಪದ್ಧತಿ ಹಳೆಯದು, ಅಲ್ಲಿಯೂ 350ರ ಫ್ಲೈವೀಲ್ ಸಲೀಸಾಗಿ ಕೂತು ಮೋಸ ಮಾಡುತ್ತದೆ. 1986ರಿಂದ ಹಿಂದಿನ ಸೀಲ್ ಒಂದೇ ತುಂಡಿನದಾದಾಗ 350ರ ಕ್ರ್ಯಾಂಕ್‌ನ ಹಿಂಬದಿಯ ಚಾಚು ದುಂಡಗಾಯಿತು. ಅಲ್ಲಿದ್ದ ಭಾರ ಫ್ಲೈವೀಲ್‌ಗೆ ಹೋಯಿತು. ಮುಂದಿನ ಡ್ಯಾಂಪರ್ ತಟಸ್ಥವಾಗಿಯೇ ಉಳಿಯಿತು. ಬೋಲ್ಟ್ ವೃತ್ತ 3.58 ಇಂಚಿನಿಂದ 3 ಇಂಚಿಗೆ ಇಳಿದದ್ದರಿಂದ ಇಲ್ಲಿ ತಪ್ಪು ಮಾಡಲು ಹೊರಟರೂ ಆಗದು. ಇದರ ನಂತರದ ಎಲ್‌ಎಸ್ ಎಂಜಿನ್‌ಗಳು ಒಳ ಬ್ಯಾಲೆನ್ಸಿನವು. ಹಳೆಯ ಗೇರ್‌ಬಾಕ್ಸ್‌ಗೆ ಅವನ್ನು ಜೋಡಿಸುವಾಗ ಅಡ್ಡಬರುವುದು ಭಾರವಲ್ಲ, ದೂರ. ಕ್ರ್ಯಾಂಕ್‌ನ ಹಿಂಬದಿ ಸುಮಾರು 0.4 ಇಂಚು ಒಳಗಿರುತ್ತದೆ.

ಕ್ರೈಸ್ಲರ್‌ನ 318 ಒಳ ಬ್ಯಾಲೆನ್ಸ್, 360 ಹೊರ ಬ್ಯಾಲೆನ್ಸ್. ಅವರ ಹಳೆಯ ಆಟೊಮ್ಯಾಟಿಕ್‌ಗಳಲ್ಲಿ ಎದುರು ಭಾರವನ್ನು ಫ್ಲೆಕ್ಸ್‌ಪ್ಲೇಟ್‌ಗಲ್ಲ, ಟಾರ್ಕ್ ಕನ್ವರ್ಟರ್‌ಗೆ (ಆಟೊಮ್ಯಾಟಿಕ್‌ನಲ್ಲಿ ಕ್ಲಚ್ಚಿನ ಕೆಲಸ ಮಾಡುವ ಭಾಗ) ಬೆಸೆದಿರುತ್ತಾರೆ. 318 ತೆಗೆದು 360 ಹಾಕಿ ಕನ್ವರ್ಟರ್ ಮಾತ್ರ ಹಳೆಯದನ್ನೇ ಉಳಿಸಿಕೊಂಡರೆ ಆ ಭಾರ ಎಲ್ಲಿಯೂ ಇರುವುದಿಲ್ಲ.

ನಮ್ಮ ಕಡೆಯ ಓದುಗರು ಅಂಬಾಸಡರ್ ಬಗ್ಗೆ ಕೇಳುತ್ತಾರೆ. ಅದರ 1489 ಸಿಸಿಯ ಹಳೆಯ ಬಿಎಂಸಿ ಎಂಜಿನ್ ತೆಗೆದು 1800 ಇಸುಜು ಎಂಜಿನ್ ಹಾಕಿಸುವ ರೂಢಿ ಇಲ್ಲಿಯೂ ಇದೆ. ಸಾಲಿನಲ್ಲಿ ನಾಲ್ಕು ಸಿಲಿಂಡರ್ ಇರುವ ಎಂಜಿನ್‌ನ ಕ್ರ್ಯಾಂಕ್ ಮುಂದರ್ಧ ಹಿಂದರ್ಧ ಕನ್ನಡಿಯ ಬಿಂಬದಂತೆ ಇರುವುದರಿಂದ ತಾನಾಗಿಯೇ ಸಮತೋಲದಲ್ಲಿರುತ್ತದೆ, ಫ್ಲೈವೀಲ್ ತಟಸ್ಥ. ಹಾಗಾಗಿ 28, 50ರ ಗೊಡವೆ ಇಲ್ಲ. ಅಲ್ಲಿ ನೋಡಬೇಕಾದದ್ದು ಫ್ಲೈವೀಲ್ ಕ್ರ್ಯಾಂಕ್‌ನ ನಡುವಿಗೆ ಓಲದೆ ಕೂತಿದೆಯೇ, ಪ್ರೆಷರ್ ಪ್ಲೇಟ್‌ನ ಡೋವೆಲ್ ಪಿನ್‌ಗಳು ಇವೆಯೇ ಎಂಬುದನ್ನು. ಇಸುಜು ಎಂಜಿನ್ ಜೊತೆಗೆ ಅದರದೇ ಫ್ಲೈವೀಲ್, ಕ್ಲಚ್, ಗೇರ್‌ಬಾಕ್ಸ್ ಒಂದೇ ಜೋಡಿಯಾಗಿ ತರುವುದು ಉತ್ತಮ. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಸಹಜವಾಗಿರುವ, ಕ್ರ್ಯಾಂಕ್‌ಗಿಂತ ದುಪ್ಪಟ್ಟು ವೇಗದ ಸಣ್ಣ ನಡುಕವನ್ನು ಯಾವ ಫ್ಲೈವೀಲೂ ನಿಲ್ಲಿಸದು. ಅದು ಎಂಜಿನ್ ಮೌಂಟಿನ ರಬ್ಬರಿನ ಪಾಲಿನ ಕೆಲಸ.

ಜೋಡಿಸುವಾಗ, ಜೋಡಿಸಿದ ಮೇಲೆ

ಬ್ಯಾಲೆನ್ಸಿಂಗ್ ಅಂಗಡಿಗೆ ಕೊಡುವಾಗ ಬಾಯಿಮಾತಿಗೆ ಬಿಡದೆ ಚೀಟಿಯಲ್ಲಿ ಬರೆಸಿ: ಕ್ರ್ಯಾಂಕ್‌ನ ಅಳತೆ ಎಷ್ಟು, ಫ್ಲೈವೀಲ್ ಎಷ್ಟು, ಡ್ಯಾಂಪರ್ ಎಷ್ಟು. ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್ ಬದಲಿಸಿದ್ದರೆ ಅವುಗಳ ತೂಕವನ್ನೂ ಕೊಡಬೇಕು. 90 ಡಿಗ್ರಿಯ ವಿ8ರಲ್ಲಿ ತಿರುಗುವ ಭಾಗಗಳ ಪೂರ್ತಿ ತೂಕ, ಮೇಲೆ ಕೆಳಗೆ ಓಡುವ ಭಾಗಗಳ ಅರ್ಧ ತೂಕ ಸೇರಿಸಿ ಅವರು ಲೆಕ್ಕ ಹಾಕುತ್ತಾರೆ. ಕ್ಲಚ್ಚಿನ ಪ್ರೆಷರ್ ಪ್ಲೇಟ್ ತಟಸ್ಥವಾಗಿದ್ದರೂ ಅದನ್ನು ಕಡೆಯಲ್ಲಿ ಜೋಡಿಸಿ ಒಮ್ಮೆ ತಿರುಗಿಸಿ ನೋಡಲು ಹೇಳುವುದು ಒಳ್ಳೆಯದು.

ಫೋರ್ಡ್ ವಿಂಡ್ಸರ್‌ನ ಫ್ಲೈವೀಲ್ ಬೋಲ್ಟುಗಳನ್ನು 75ರಿಂದ 85 ಪೌಂಡ್-ಅಡಿಗೆ, ಅಂದರೆ ಸುಮಾರು 102ರಿಂದ 115 ನ್ಯೂಟನ್-ಮೀಟರ್‌ಗೆ ಬಿಗಿಯಬೇಕು. ಆ ರಂಧ್ರಗಳು ಕ್ರ್ಯಾಂಕ್ ಕೋಣೆಯವರೆಗೂ ತೆರೆದಿರುವುದರಿಂದ ಎಳೆಗಳಿಗೆ ಸೀಲೆಂಟ್ ಹಚ್ಚದಿದ್ದರೆ ಎಣ್ಣೆ ಎಳೆಗುಂಟ ಹರಿದು ಕ್ಲಚ್ ಪ್ಲೇಟ್ ಮೇಲೆ ಇಳಿಯುತ್ತದೆ. ಆಗ ಹೊಸ ಸೀಲ್ ಸೋರುತ್ತಿದೆ ಎಂದು ತಪ್ಪು ತಿಳಿದು ಗೇರ್‌ಬಾಕ್ಸ್ ಇಳಿಸುವವರಿದ್ದಾರೆ.

ಎಂಜಿನ್ ಚಾಲೂ ಮಾಡಿದ ಮೇಲೆ ಕಾರನ್ನು ನಿಲ್ಲಿಸಿಕೊಂಡೇ, ನ್ಯೂಟ್ರಲ್‌ನಲ್ಲಿ, ವೇಗವನ್ನು ನಿಧಾನವಾಗಿ 3000 ಸುತ್ತಿನವರೆಗೆ ಏರಿಸಿ. ಆರಂಭದಲ್ಲಿ ಅದುರಿ, ವೇಗ ಏರಿದಂತೆ ನುಣುಪಾದರೆ ಅದು ಬೆಂಕಿ ಸರಿಯಾಗಿ ಹತ್ತದ ಸಿಲಿಂಡರ್‌ನ ತೊಂದರೆ. ನುಣುಪಾಗಿ ಆರಂಭವಾಗಿ, ವೇಗ ಏರಿದಂತೆ ಸ್ಟಿಯರಿಂಗ್‌ನಲ್ಲಿ, ಗೇರ್ ಕಡ್ಡಿಯಲ್ಲಿ ಒಂದೇ ಸಮನೆ ನಡುಕ ಹೆಚ್ಚುತ್ತಾ ಹೋದರೆ ಅದು ಬ್ಯಾಲೆನ್ಸಿನದು. ಕ್ಲಚ್ ಒತ್ತಿದರೂ ಬಿಟ್ಟರೂ ವ್ಯತ್ಯಾಸ ಕಾಣದಿದ್ದರೆ ಗೇರ್‌ಬಾಕ್ಸ್ ಮತ್ತು ಕ್ಲಚ್ ಪ್ಲೇಟನ್ನು ಪಟ್ಟಿಯಿಂದ ಬಿಡಿ. ಮುಂದಿನ ಬೆಲ್ಟುಗಳನ್ನು ಕಳಚಿ ಅರ್ಧ ನಿಮಿಷ ಓಡಿಸಿ ನೋಡಿದರೆ ಫ್ಯಾನ್, ಆಲ್ಟರ್ನೇಟರ್‌ಗಳ ದೋಷವೂ ಬೇರೆಯಾಗುತ್ತದೆ. ಆಗಲೂ ನಡುಕ ಉಳಿದರೆ ಮೊದಲು ಡ್ಯಾಂಪರ್ ಬಿಚ್ಚಿ, ಫ್ಲೈವೀಲನ್ನು ಅಳೆದಂತೆಯೇ ಅದನ್ನೂ ಸರಳಿನ ಮೇಲೆ ಅಳೆಯಿರಿ. ಗೇರ್‌ಬಾಕ್ಸ್ ಇಳಿಸದೆ ತೆಗೆಯಬಹುದಾದದ್ದು ಅದೊಂದೇ.